ಚಲಚ್ಚಿತ್ರದ ಕತ್ತರಿ ಮತ್ತು ಕಾಲ

ರೇಡಿಯೋ ನಾಟಕ ಕೇಳುವವರಿಗೆಲ್ಲ ಒಂದು ಒಪ್ಪಂದ ಚೆನ್ನಾಗಿ ಗೊತ್ತಿದೆ. ತಂದೆ, ಮಗಳು ಮಾತನಾಡುತ್ತಿರುತ್ತಾರೆ. "ಮಲಗಮ್ಮ, ರಾತ್ರಿ ಬಹಳವಾಯಿತು" ಎಂದು ತಂದೆ ಹೇಳುತ್ತಾನೆ. ನಾಲ್ಕು ಸೆಕೆಂಡು ಕೊಳಲು ಕೇಳಿಬರುತ್ತದೆ. ಆಮೇಲೆ ಕೋಳಿ ಕೂಗುತ್ತದೆ. "ಅಪ್ಪಾ, ಏಳಿ, ಕಾಫಿ ತಂದಿದ್ದೇನೆ" ಎನ್ನುತ್ತಾಳೆ ಮಗಳು. ಒಂದು ಇಡೀ ರಾತ್ರಿ ಆ ಕೊಳಲಿನ ನಾಲ್ಕು ಸೆಕೆಂಡಿನಲ್ಲಿ ಕಳೆದುಹೋಯಿತು. ಕೇಳುತ್ತ ಕುಳಿತ ನಾವು ಯಾರೂ ಇದಕ್ಕೆ ತಕರಾರು ತೆಗೆಯುವುದಿಲ್ಲ. ರಾತ್ರಿ ಕಳೆಯಿತೆಂದು ಒಪ್ಪಿಕೊಂಡು ಮುಂದಿನ ಮಾತಿಗೆ ಕಿವಿಗೊಡುತ್ತೇವೆ.

ಚಲಚ್ಚಿತ್ರವೂ ಇಂಥದೇ ಒಪ್ಪಂದದ ಮೇಲೆ ನಿಂತಿದೆ. ಆದರೆ ಅಲ್ಲಿ ಕಿವಿಯ ಜೊತೆಗೆ ಕಣ್ಣನ್ನೂ ಒಪ್ಪಿಸಬೇಕು. ಕಣ್ಣು ಕಿವಿಗಿಂತ ಹೆಚ್ಚು ಸಂಶಯದ್ದು. ಅದನ್ನು ಒಪ್ಪಿಸುವ ಕೆಲಸದಲ್ಲಿ ದೊಡ್ಡ ಪಾಲು ಸಂಕಲನಕಾರನದು. ತೆಗೆದ ಚಿತ್ರದ ತುಂಡುಗಳನ್ನು ಆರಿಸಿ, ಅಳತೆಗೆ ಕತ್ತರಿಸಿ, ಒಂದರ ಹಿಂದೆ ಒಂದನ್ನು ಜೋಡಿಸುವುದಕ್ಕೆ ಸಂಕಲನವೆಂದು ಹೆಸರು. ನಟರ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಹಾಡು ಬರೆದವರ ಹೆಸರು ಕೆಲವರಿಗೆ ನೆನಪಿರುತ್ತದೆ, ಸಂಕಲನಕಾರನ ಹೆಸರು ತೆರೆಯ ಮೇಲೆ ಬಂದು ಹೋದದ್ದೂ ತಿಳಿಯುವುದಿಲ್ಲ. ಹಾಗಿದ್ದರೂ ಎರಡೂವರೆ ಗಂಟೆ ಹೊತ್ತು ನಮ್ಮ ಮನಸ್ಸಿನ ಗಡಿಯಾರಕ್ಕೆ ಕೀಲಿ ಕೊಡುವವನು ಅವನೇ.

ಅವನ ಕೈಯಲ್ಲಿ ಕಾಲವು ಅಳೆಯಬಹುದಾದ ವಸ್ತು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರಗಳಿರುತ್ತವೆ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಎಂದರೆ ಒಂದೂವರೆ ಅಡಿ ಫಿಲ್ಮು ಒಂದು ಸೆಕೆಂಡಿಗೆ ಸಮ, ತೊಂಬತ್ತು ಅಡಿ ಒಂದು ನಿಮಿಷಕ್ಕೆ ಸಮ. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಬಟ್ಟೆಯಂಗಡಿಯವರು ಗಜಕಡ್ಡಿಯಿಟ್ಟು ಅಳೆದು ಹರಿದುಕೊಡುವಂತೆ ಸಂಕಲನಕಾರ ಕಾಲವನ್ನು ಅಳೆದು ಕತ್ತರಿಸುತ್ತಿದ್ದ. ಈಗ ಫಿಲ್ಮಿನ ಸುರುಳಿ ಬಹುಮಟ್ಟಿಗೆ ಮರೆಯಾಗಿ, ಈ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೂ ಸೆಕೆಂಡಿಗೆ 24 ಚಿತ್ರಗಳೆಂಬ ಲೆಕ್ಕ ಚಲಚ್ಚಿತ್ರದಲ್ಲಿ ಉಳಿದುಬಂದಿದೆ. ಕತ್ತರಿ ಹೋಯಿತು, ಕತ್ತರಿಸುವ ವಿವೇಕ ಇನ್ನೂ ಬೇಕಾಗಿದೆ.

ಈ ವಿವೇಕವೇನೆಂದು ತಿಳಿಯಲು ಸ್ಟುಡಿಯೋಕ್ಕೆ ಹೋಗಬೇಕಾಗಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗಿ ಹಜಾರರಾಮ ದೇವಾಲಯವನ್ನು ಒಂದು ಸುತ್ತು ಬಂದರೆ ಸಾಕು. ಇದು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ ಗುಡಿ. ಅದರ ಪ್ರಾಕಾರದ ಹೊರಮೈಯನ್ನು ಮೊದಲು ನೋಡಿರಿ. ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳ ಸಾಲು, ನರ್ತಕಿಯರ ಸಾಲು ಗೋಡೆಯುದ್ದಕ್ಕೂ ಸಾಗುತ್ತವೆ. ಮಹಾನವಮಿಯ ವೈಭವವೇ ಇಲ್ಲಿ ಕಲ್ಲಿನಲ್ಲಿ ಮೂಡಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಈ ಸಾಲುಗಳಲ್ಲಿ ಎಲ್ಲಿಯೂ ತಡೆಯಿಲ್ಲ. ಒಂದು ಆನೆಯ ಹಿಂದೆ ಇನ್ನೊಂದು ಆನೆ. ನೀವು ನಡೆದಷ್ಟು ಹೊತ್ತು ಮೆರವಣಿಗೆಯೂ ನಿಮ್ಮ ಜೊತೆಗೆ ನಡೆಯುತ್ತದೆ. ಮೆರವಣಿಗೆಯ ಕಾಲವೂ ನಿಮ್ಮ ಕಾಲವೂ ಇಲ್ಲಿ ಒಂದೇ.

ಈಗ ಒಳಗೆ ಬಂದು ರಂಗಮಂಟಪದ ಹೊರಗೋಡೆಗಳನ್ನು ನೋಡಿರಿ. ಅಲ್ಲಿ ಮೂರು ಸಾಲುಗಳಲ್ಲಿ ರಾಮಾಯಣವಿದೆ. ಪ್ರದಕ್ಷಿಣೆ ಬಂದಂತೆ ಕಥೆ ಮುಂದುವರಿಯುತ್ತದೆ. ಆದರೆ ಇಲ್ಲಿ ಶಿಲ್ಪಿ ಕಥೆಯನ್ನು ತುಂಡು ತುಂಡಾಗಿ ಚೌಕಗಳಲ್ಲಿ ಕೆತ್ತಿದ್ದಾನೆ. ಒಂದೆಡೆ ದಶರಥನ ಯಜ್ಞ, ಇನ್ನೊಂದೆಡೆ ಏಳು ಮರಗಳನ್ನು ಒಂದೇ ಬಾಣದಿಂದ ಭೇದಿಸುವ ರಾಮ, ಮತ್ತೊಂದೆಡೆ ಬಾಲವನ್ನೇ ಸುರುಳಿ ಸುತ್ತಿ ಪೀಠ ಮಾಡಿಕೊಂಡು ರಾವಣನ ಎದುರು ಕುಳಿತ ಹನುಮಂತ. ಹದಿನಾಲ್ಕು ವರ್ಷದ ವನವಾಸವನ್ನು ಶಿಲ್ಪಿ ದಿನದಿನವೂ ಕೆತ್ತಲಿಲ್ಲ. ಎಷ್ಟೋ ತಿಂಗಳು, ಎಷ್ಟೋ ಗಾವುದ ದಾರಿ ಎರಡು ಚೌಕಗಳ ನಡುವಣ ಕಲ್ಲಿನ ಪಟ್ಟಿಯಲ್ಲಿ ಅಡಗಿಹೋಗಿವೆ. ಎರಡು ಹೆಜ್ಜೆ ಇಟ್ಟರೆ ನಾವು ಅದನ್ನು ದಾಟಿ ಮುಂದಿನ ಘಟನೆಗೆ ಬಂದುಬಿಡುತ್ತೇವೆ. ಆಗ ಬಿಟ್ಟುಹೋದುದನ್ನು ತುಂಬಿಕೊಳ್ಳುವುದು ನೋಡುವವನ ಮನಸ್ಸು.

ಒಂದೇ ಗುಡಿಯಲ್ಲಿ ಕಾಲವನ್ನು ತೋರಿಸುವ ಎರಡು ಬಗೆಗಳನ್ನು ಹೀಗೆ ಕಾಣಬಹುದು. ಹೊರಗೋಡೆಯ ರೀತಿಯಲ್ಲಿ ಕ್ಯಾಮರಾವನ್ನು ನಿಲ್ಲಿಸದೆ ಓಡಿಸಿದರೆ ತಡೆಯಿಲ್ಲದ ದೃಶ್ಯವಾಗುತ್ತದೆ. ಒಳಗೋಡೆಯ ರೀತಿಯಲ್ಲಿ ತುಂಡುಗಳನ್ನು ಜೋಡಿಸಿದರೆ ಸಂಕಲನವಾಗುತ್ತದೆ. ಆದರೆ ಶಿಲ್ಪಿಗೆ ಒಂದು ಅನುಕೂಲವಿತ್ತು. ರಾಮಾಯಣ ಅವನ ಕಾಲದವರಿಗೆಲ್ಲ ಗೊತ್ತಿದ್ದ ಕಥೆ. ಏನು ಬಿಟ್ಟಿದೆಯೆಂದು ನೋಡುವವನೇ ಬಲ್ಲ. ಚಿತ್ರಮಂದಿರಕ್ಕೆ ಬರುವವನಿಗೆ ಕಥೆ ಹೊಸದು. ಆದ್ದರಿಂದ ಸಂಕಲನಕಾರ ಎಷ್ಟು ಕಾಲ ಕಳೆಯಿತೆಂಬ ಗುರುತನ್ನು ತಾನೇ ಕೊಡಬೇಕಾಗುತ್ತದೆ.

ಒಂದು ಸಣ್ಣ ಉದಾಹರಣೆ. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಒಬ್ಬಾತ ಸಂಡೂರಿನ ಬಸ್ಸು ಹತ್ತುತ್ತಾನೆ. ಬಸ್ಸು ಘಟ್ಟ ಹತ್ತಿ ಇಳಿದು ಊರು ಸೇರಲು ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಈ ಒಂದು ಗಂಟೆಯನ್ನು ಪೂರ್ತಿ ತೋರಿಸಿದರೆ ಯಾರು ನೋಡುತ್ತಾರೆ? ಸಂಕಲನಕಾರ ಮೂರು ತುಂಡುಗಳನ್ನು ಇಟ್ಟುಕೊಳ್ಳುತ್ತಾನೆ: ಬಸ್ಸಿನ ಮೆಟ್ಟಿಲ ಮೇಲೆ ಕಾಲು, ಬೆಟ್ಟದ ತಿರುವಿನಲ್ಲಿ ಬಸ್ಸು, ಸಂಡೂರಿನಲ್ಲಿ ಕೆಳಗಿಳಿಯುವ ಕಾಲು. ಎಲ್ಲಾ ಸೇರಿ ಹತ್ತು ಸೆಕೆಂಡು. ಬಸ್ಸು ಹತ್ತುವಾಗ ನೆರಳು ಉದ್ದವಾಗಿದ್ದು ಇಳಿಯುವಾಗ ಮೊಟಕಾಗಿದ್ದರೆ, ಬಿಳಿಯ ಪಂಚೆಯ ಅಂಚಿಗೆ ಅದಿರಿನ ಕೆಂಪು ಧೂಳು ಹತ್ತಿದ್ದರೆ, ಪ್ರಯಾಣವಾಯಿತೆಂದು ನಮ್ಮ ಕಣ್ಣು ಒಪ್ಪುತ್ತದೆ. ನಡುವಿನ ತುಂಡನ್ನೂ ಕೆಂಪು ಧೂಳನ್ನೂ ತೆಗೆದುಬಿಟ್ಟರೆ ಆತ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹಾರಿದಂತೆ ಕಂಡು ನಗೆ ಬರುತ್ತದೆ. ಅದೇ ಆತನ ತಾಯಿ ಸಂಡೂರಿನಲ್ಲಿ ಕಾಯಿಲೆ ಮಲಗಿದ್ದಾಳೆಂದು ನಮಗೆ ತಿಳಿದಿದ್ದರೆ, ಆ ಘಟ್ಟದ ತಿರುವಿನ ತುಂಡನ್ನು ಸಂಕಲನಕಾರ ಇನ್ನೂ ಹತ್ತು ಸೆಕೆಂಡು ಬೆಳೆಸುತ್ತಾನೆ. ದಾರಿ ಅಷ್ಟೇ ಉದ್ದ. ಆದರೆ ಮಗನಿಗೆ ಅದು ಸಾಗದ ದಾರಿ, ಆದ್ದರಿಂದ ನಮಗೂ ಸಾಗಬಾರದು. ಕತ್ತರಿ ಹಾಕುವ ಜಾಗವನ್ನು ನಿರ್ಣಯಿಸುವುದು ಈ ಮರುಕ.

ವರ್ಷಗಳನ್ನು ಕುಗ್ಗಿಸುವುದು ಇದಕ್ಕಿಂತ ಕಷ್ಟ. ಹೊಸಪೇಟೆಯ ಪಕ್ಕದ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆ ಎಂಟು ವರ್ಷವನ್ನು ಒಂದು ನಿಮಿಷದಲ್ಲಿ ತೋರಿಸಬೇಕೆಂದು ಇಟ್ಟುಕೊಳ್ಳಿರಿ. ಬರಿಯ ನದಿ, ಕಲ್ಲು ಒಡೆಯುವ ಕೈ, ಗೋಡೆಯ ನೆರಳು, ಏರಿದ ಗೋಡೆ, ಕಾಲುವೆಯಲ್ಲಿ ಹರಿಯುವ ನೀರು. ಒಂದು ಚಿತ್ರ ಕರಗುತ್ತ ಇನ್ನೊಂದು ಮೂಡಿದರೆ ನಡುವೆ ಬಹುಕಾಲ ಸಂದಿತೆಂದು ಪ್ರೇಕ್ಷಕರು ರೂಢಿಯಿಂದಲೇ ತಿಳಿಯುತ್ತಾರೆ. ಆದರೆ ನೀರಿನಲ್ಲಿ ಮುಳುಗಿದ ಹಳ್ಳಿಗಳೂ ಆ ಎಂಟು ವರ್ಷಕ್ಕೆ ಸೇರಿದವು. ಊರು ಬಿಟ್ಟು ಹೊರಟ ಒಂದು ಗಾಡಿಯ ಚಿತ್ರವನ್ನು ಆ ನಿಮಿಷದಲ್ಲಿ ಸೇರಿಸಿದರೆ ಒಂದು ಕಥೆ, ಬಿಟ್ಟರೆ ಮತ್ತೊಂದು ಕಥೆ. ಕಾಲವನ್ನು ಕುಗ್ಗಿಸುವವನು ಯಾರ ಕಾಲವನ್ನು ಉಳಿಸಿಕೊಳ್ಳಬೇಕೆಂಬುದನ್ನೂ ತೀರ್ಮಾನಿಸಬೇಕಾಗುತ್ತದೆ.

ನಮ್ಮ ಐತಿಹಾಸಿಕ ಚಿತ್ರಗಳಿಗೆ ಈ ಕಷ್ಟ ತಪ್ಪಿದ್ದಲ್ಲ. 1509ರಿಂದ 1529ರವರೆಗೆ ವಿಜಯನಗರವನ್ನಾಳಿದ ದೊರೆಯ ಕಥೆಯನ್ನು ಬಿ. ಆರ್. ಪಂತುಲು ಅವರು 1970ರಲ್ಲಿ 'ಶ್ರೀ ಕೃಷ್ಣದೇವರಾಯ' ಎಂಬ ಚಿತ್ರವಾಗಿ ತಂದರು. ರಾಜಕುಮಾರ್ ಕೃಷ್ಣದೇವರಾಯರಾದರು, ಪಂತುಲು ಅವರೇ ತಿಮ್ಮರಸು ಆದರು. ಕಂಪ್ಲಿಯ ಕುಮಾರರಾಮನ ಕಥೆಯನ್ನು ಹಿಂದೆ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ್ದ. 2006ರಲ್ಲಿ ಅದು ಶಿವರಾಜಕುಮಾರ್ ನಟಿಸಿದ 'ಗಂಡುಗಲಿ ಕುಮಾರರಾಮ' ಎಂಬ ಚಿತ್ರವಾಯಿತು. ಇಪ್ಪತ್ತು ವರ್ಷದ ಆಳ್ವಿಕೆಯಾಗಲಿ, ಒಬ್ಬ ವೀರನ ಇಡೀ ಬಾಳಾಗಲಿ ಒಂದು ಸಂಜೆಯೊಳಗೆ ಮುಗಿಯಬೇಕು. ಇಂಥಲ್ಲಿ ನಮ್ಮವರು ಹಾಡನ್ನು ನೆಚ್ಚಿಕೊಂಡರು. ಮೊದಲ ಚರಣದಲ್ಲಿ ಓಡಲಾರಂಭಿಸಿದ ಹುಡುಗ ಕೊನೆಯ ಚರಣದಲ್ಲಿ ಮೀಸೆ ಬಂದ ಯುವಕನಾಗಿ ನಿಲ್ಲುವುದನ್ನು ನೀವು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ! ರಾಗ ಮುರಿಯದೆ ನಡೆಯುವುದರಿಂದ ಕಾಲ ಮುರಿದದ್ದು ನಮಗೆ ನೋಯುವುದಿಲ್ಲ. ಬೇರೆ ನಾಡಿನವರು ಇದನ್ನು ಕಂಡು ಬೆರಗಾಗಬಹುದು. ನಮಗೆ ಇದು ಹೊಸತಲ್ಲ. ಬಳ್ಳಾರಿ ಸೀಮೆಯ ಬಯಲಾಟದಲ್ಲಿ ಪಾತ್ರಧಾರಿ ರಂಗದ ಮೇಲೆ ಒಂದು ಸುತ್ತು ಹಾಕಿದರೆ ಅಡವಿ ದಾಟಿದಂತಾಗುತ್ತದೆ. ತೊಗಲುಗೊಂಬೆಯಾಟದಲ್ಲಿ ಒಂದೇ ಪಾತ್ರಕ್ಕೆ ಬೇರೆ ಬೇರೆ ಗೊಂಬೆಗಳುಂಟು. ಪರದೆಯ ಹಿಂದಿನ ಕೈ ಒಂದನ್ನು ತೆಗೆದು ಇನ್ನೊಂದನ್ನು ಒತ್ತಿಹಿಡಿದ ಕ್ಷಣದಲ್ಲಿ ಸ್ಥಿತಿಯೂ ಕಾಲವೂ ಬದಲಾಗುತ್ತವೆ. ದೀಪ, ಪರದೆ, ನೆರಳು ಮೂರೂ ಅಲ್ಲಿದ್ದವು. ಚಲಚ್ಚಿತ್ರ ಬಂದಾಗ ನಮ್ಮ ಹಳ್ಳಿಯ ಪ್ರೇಕ್ಷಕ ಗಾಬರಿಯಾಗದೆ ಕುಳಿತು ನೋಡಿದ್ದರೆ ಅದಕ್ಕೆ ಈ ತರಬೇತಿಯೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಇನ್ನು ಕಾಲವನ್ನು ಹಿಗ್ಗಿಸುವ ರೀತಿ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಚಿತ್ರದುರ್ಗ. ಅಲ್ಲಿಯ ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಕಾವಲಿನ ಗಂಡ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ. ನೀರಿಗೆಂದು ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿರುವ ಶತ್ರುಗಳನ್ನು ಕಂಡು ಒನಕೆ ಹಿಡಿಯುತ್ತಾಳೆ. ಊಟಕ್ಕೆ ಹಿಡಿಯುವ ಹೊತ್ತು ಎಷ್ಟು? ಹದಿನೈದು ನಿಮಿಷವಿದ್ದೀತು. ಆದರೆ ಕಿಂಡಿಯ ಬಳಿ ಆ ಹೊತ್ತು ಒಂದು ಯುಗ. ಒಂದೇ ಗಳಿಗೆಯಲ್ಲಿ ಎರಡು ಕಡೆ ನಡೆಯುವುದನ್ನು ಹೇಳುವ ಈ ಕಥೆ ಚಲಚ್ಚಿತ್ರ ಹುಟ್ಟುವ ಮುಂಚೆಯೇ ಸಂಕಲನದ ಗುಟ್ಟನ್ನು ಒಳಗಿಟ್ಟುಕೊಂಡಿತ್ತು. ಪುಟ್ಟಣ್ಣ ಕಣಗಾಲರು 1972ರ 'ನಾಗರಹಾವು' ಚಿತ್ರದಲ್ಲಿ ಇದನ್ನು ಒಂದು ಹಾಡಿನೊಳಗೆ ತಂದರು. ಓಬವ್ವನ ಪಾತ್ರ ವಹಿಸಿದವರು ಜಯಂತಿ. ಅದೇ ಚಿತ್ರದ ಇನ್ನೊಂದು ಹಾಡಿನಲ್ಲಿ ನಾಯಕ, ನಾಯಕಿ ತೇಲುವಂತೆ ಮೆಲ್ಲಗೆ ಓಡುತ್ತಾರೆ. ಇದು ಕ್ಯಾಮರಾದ ಉಪಾಯ: ಸೆಕೆಂಡಿಗೆ 48 ಚಿತ್ರ ತೆಗೆದು 24ರಂತೆ ತೋರಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡಾಗುತ್ತದೆ. ಸಂಕಲನದ ಹಿಗ್ಗುವಿಕೆ ಬೇರೆ ಬಗೆಯದು. ರಷ್ಯದ ಐಸೆನ್‌ಸ್ಟೈನ್ 1925ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರದಲ್ಲಿ ಒಡೆಸ್ಸಾ ನಗರದ ಮೆಟ್ಟಿಲುಗಳ ಮೇಲೆ ಸೈನಿಕರು ಜನರನ್ನು ಕೊಲ್ಲುತ್ತ ಇಳಿಯುವುದನ್ನು ತೋರಿಸಿದ. ನಿಜವಾಗಿ ಇಳಿಯಲು ಬೇಕಾದ ಕಾಲಕ್ಕಿಂತ ತೆರೆಯ ಮೇಲೆ ಅದು ಹೆಚ್ಚು ಹಿಡಿಯುತ್ತದೆ. ಬೂಟು, ಬಂದೂಕು, ತಾಯಿಯ ಮುಖ, ಉರುಳುವ ಕೂಸಿನ ಗಾಡಿ ಎಂದು ಮತ್ತೆ ಮತ್ತೆ ತುಂಡುಗಳು ಬರುತ್ತವೆ. ಮೆಟ್ಟಿಲು ಮುಗಿಯುವುದೇ ಇಲ್ಲ. ಭಯದಲ್ಲಿ ಸಿಕ್ಕವನಿಗೆ ಕಾಲ ಹೇಗಿರುತ್ತದೆಯೋ ನೋಡುವವನಿಗೂ ಹಾಗಾಗುತ್ತದೆ.

ಕುಗ್ಗಿಸದೆ, ಹಿಗ್ಗಿಸದೆ ಇದ್ದಂತೆ ಇಡುವುದೂ ಉಂಟು. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಯ ಕತ್ತಲೆಯಲ್ಲಿ ಒಂದು ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಯಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ನೀವು ನೋಡಿರಬಹುದು. ಕ್ಯಾಮರಾದ ತತ್ತ್ವ ಇದೇ. ಅಲ್ಲಿ ಬಿಂಬವಿದೆ, ಕತ್ತರಿಯಿಲ್ಲ. ಬಿಸಿಲು ಇದ್ದಷ್ಟು ಹೊತ್ತು ಗೋಪುರವಿರುತ್ತದೆ. ಮೋಡ ಬಂದರೆ ಮಾಸುತ್ತದೆ. ಕಥೆ ಹೇಳುವವರಿಗೆ ಇಷ್ಟು ತಾಳ್ಮೆ ಕಷ್ಟ. ಆದರೂ 1952ರ 'ಹೈ ನೂನ್' ಎಂಬ ಅಮೆರಿಕದ ಚಿತ್ರದಲ್ಲಿ ಕಥೆಯ ಕಾಲವೂ ಚಿತ್ರ ಓಡುವ ಕಾಲವೂ ಹೆಚ್ಚು ಕಡಿಮೆ ಒಂದೇ, ಸುಮಾರು 85 ನಿಮಿಷ. ಮಧ್ಯಾಹ್ನ ಹನ್ನೆರಡರ ರೈಲಿಗೆ ಶತ್ರು ಬರಲಿದ್ದಾನೆ. ಗೋಡೆಯ ಗಡಿಯಾರ ಮತ್ತೆ ಮತ್ತೆ ಕಾಣುತ್ತದೆ. ನಮ್ಮಲ್ಲಿ ಗಿರೀಶ ಕಾಸರವಳ್ಳಿಯವರು ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ತೆಗೆದ 'ತಬರನ ಕಥೆ'ಗೆ 1986ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ನಿವೃತ್ತನಾದ ಒಬ್ಬ ಬಡ ನೌಕರ ಪಿಂಚಣಿಗಾಗಿ ಕಛೇರಿಯಿಂದ ಕಛೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಬೆಳೆಯುತ್ತದೆ. ಕಛೇರಿಯ ಕಾಲ ಒಂದು, ಹುಣ್ಣಿನ ಕಾಲ ಇನ್ನೊಂದು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ಕಾಯುವುದೆಂದರೇನೆಂದು ನೋಡುವವರ ಮೈಗೆ ಹತ್ತುತ್ತದೆ. ಬೇಸರವಾಗುವಷ್ಟು ನಿಧಾನವೆಂದು ಕೆಲವರು ಇಂಥ ಚಿತ್ರಗಳನ್ನು ದೂರುವುದುಂಟು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವನ ದಿನ ವೇಗವಾಗಿ ಓಡಿದರೆ ಅದು ಸುಳ್ಳಾಗುತ್ತದೆ.

ಕಥಾಚಿತ್ರದಲ್ಲಿ ಈ ಸತ್ಯ, ಸುಳ್ಳು ರುಚಿಗೆ ಸಂಬಂಧಿಸಿದ್ದು. ವಾರ್ತಾಚಿತ್ರಕ್ಕೆ ಬಂದಾಗ ಮನೆಮಂದಿಯ ಕ್ಷೇಮಕ್ಕೇ ಸಂಬಂಧಿಸಿಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಣಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಪರಿಣತರೂ ಕೆಲಸಗಾರರೂ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸಿದರು. ಇಂಥ ದಿನಗಳಲ್ಲಿ ಟೆಲಿವಿಷನ್ನಿನವರು ಬೆಳಿಗ್ಗೆ ತೆಗೆದ ಅರ್ಧ ನಿಮಿಷದ ನೀರಿನ ದೃಶ್ಯವನ್ನು ಸಂಜೆಯವರೆಗೆ ಇಪ್ಪತ್ತು ಸಲ ತೋರಿಸಿದರೆಂದು ಊಹಿಸಿಕೊಳ್ಳಿರಿ. ಪ್ರತಿಯೊಂದು ಸಲವೂ ಅದು ನೋಡುವವರಿಗೆ "ಈಗ" ನಡೆಯುತ್ತಿರುವುದೇ. ಅರ್ಧ ನಿಮಿಷ ಹತ್ತು ನಿಮಿಷವಾಯಿತು, ಬೆಳಗಿನದು ಸಂಜೆಯದಾಯಿತು. ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದನ್ನು ಈ ಭಾಗದವರು ಬಲ್ಲರು. ಯಾವುದೋ ವರ್ಷದ ಮುಳುಗಿದ ಸೇತುವೆಯ ತುಂಡನ್ನು ಇಂದಿನ ಅಣೆಕಟ್ಟಿನ ತುಂಡಿಗೆ ಅಂಟಿಸಿ ಯಾರೋ ಮೊಬೈಲಿನಲ್ಲಿ ಕಳಿಸಿದರೆ ಏನಾಗುತ್ತದೆ? ಕಂಪ್ಲಿಗೆ ಮಗಳನ್ನು ಕೊಟ್ಟ ಹೊಸಪೇಟೆಯ ತಾಯಿ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂರುತ್ತಾಳೆ. ಎರಡು ತುಂಡುಗಳೂ ನಿಜ. ಅವುಗಳ ನಡುವೆ ಅಡಗಿಸಿದ ವರ್ಷಗಳಲ್ಲಿ ಸುಳ್ಳಿದೆ. ಹಜಾರರಾಮನ ಗುಡಿಯ ಶಿಲ್ಪಿ ಎರಡು ಚೌಕಗಳ ನಡುವೆ ಕಲ್ಲಿನ ಪಟ್ಟಿಯೊಂದನ್ನು ಬಿಟ್ಟು, "ಇಲ್ಲಿ ಕಾಲ ಕಳೆದಿದೆ" ಎಂದು ಎಲ್ಲರಿಗೂ ಕಾಣುವಂತೆ ಹೇಳಿದ್ದಾನೆ. ಮೋಸದ ಜೋಡಣೆಯಲ್ಲಿ ಆ ಪಟ್ಟಿಯನ್ನೇ ಅಳಿಸಿಬಿಡುತ್ತಾರೆ.

ಹಿಂದೆ ಸಣ್ಣ ಊರುಗಳಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ ಯಂತ್ರ ಒಂದೇ ಇದ್ದರೆ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ರಾಜಕುಮಾರಿ ಸೆರೆಮನೆಯಲ್ಲಿದ್ದಂತೆಯೇ ಜನ ಶೇಂಗಾ ಕೊಂಡು, ಮಕ್ಕಳನ್ನು ಸಮಾಧಾನ ಮಾಡಿ, ಪಕ್ಕದವರೊಡನೆ "ಮುಂದೇನಾದೀತು" ಎಂದು ಚರ್ಚಿಸುತ್ತಿದ್ದರು. ರಸಭಂಗವೇನೋ ಹೌದು. ಆದರೆ ತೆರೆಯ ಕಾಲ ಬೇರೆ, ತಮ್ಮ ಕಾಲ ಬೇರೆ ಎಂಬುದು ಆ ಜನಕ್ಕೆ ಗಂಟೆಗೆ ನಾಲ್ಕೈದು ಸಲ ನೆನಪಾಗುತ್ತಿತ್ತು. ಈಗ ಕೈಯಲ್ಲಿರುವ ಸಣ್ಣ ತೆರೆಯ ಮೇಲೆ ಚಿತ್ರಗಳು ಒಂದರ ಹಿಂದೆ ಒಂದು ನಿಲ್ಲದೆ ಬರುತ್ತವೆ. ದೀಪ ಹತ್ತುವುದೇ ಇಲ್ಲ. ಆ ದೀಪವನ್ನು ನಾವೇ ಹತ್ತಿಸಿಕೊಳ್ಳಬೇಕು.

ಅದಕ್ಕೆ ದೊಡ್ಡ ವಿದ್ಯೆ ಬೇಡ. ಮುಂದಿನ ಸಲ ಒಂದು ಚಿತ್ರ ನೋಡುವಾಗ ಯಾವುದಾದರೂ ಒಂದು ದೃಶ್ಯದಲ್ಲಿ, ತುಂಡು ಬದಲಾದಾಗಲೆಲ್ಲ ಬೆರಳು ಮಡಿಸುತ್ತ ಎಣಿಸಿರಿ. ಇಲ್ಲಿ ಎಷ್ಟು ಕಾಲವನ್ನು ಬಿಟ್ಟರು, ಬಿಟ್ಟದ್ದಕ್ಕೆ ಗುರುತು ಕೊಟ್ಟರೇ, ನಾನು ಅವಸರಪಟ್ಟದ್ದೂ ಮರುಗಿದ್ದೂ ಯಾರ ಕಾಲವನ್ನು ಹಿಡಿದು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಮನೆಯ ಮಕ್ಕಳಿಗೂ ಇದನ್ನು ಒಂದು ಆಟದಂತೆ ಕಲಿಸಬಹುದು. ಹೀಗೆ ಎಣಿಸಿದರೆ ಚಿತ್ರದ ಸುಖ ಕೆಡುತ್ತದೆಂಬ ಹೆದರಿಕೆ ಬೇಡ. ತಾಳ ಗೊತ್ತಿದ್ದವನಿಗೆ ಸಂಗೀತ ಕಡಿಮೆ ಹಿಡಿಸುತ್ತದೆಯೇ? ಒಳ್ಳೆಯ ಸಂಕಲನಕಾರ ನಮ್ಮಿಂದ ಎರಡೂವರೆ ಗಂಟೆ ತೆಗೆದುಕೊಂಡು ಇನ್ನೊಬ್ಬರ ಬಾಳಿನ ಇಪ್ಪತ್ತು ವರ್ಷವನ್ನು ಕೊಟ್ಟಿರುತ್ತಾನೆ. ಆ ಲೆಕ್ಕವನ್ನು ಒಮ್ಮೆ ಕೂಡಿ ನೋಡಿದರೆ, ಹೆಸರೂ ನೆನಪಿರದ ಆ ಕೆಲಸಗಾರನ ಮೇಲೆ ಗೌರವ ತಾನಾಗಿ ಹುಟ್ಟುತ್ತದೆ.